ಬಿಟ್‌ವಾರ್ಡನ್: ಕರಾವಳಿಯ ಮನೆಗಳಿಗೆ ಒಗ್ಗುವ ಪಾಸ್‌ವರ್ಡ್ ಸೇವೆ

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಬ್ಯಾಂಕ್ ಖಾತೆಗಳಿಗೆ ಬರವಿಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ್ದೇ ಇಲ್ಲಿ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಸಿಂಡಿಕೇಟ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡ ಮೇಲೆ ಹಳೆಯ ಗ್ರಾಹಕರ ಡೈರಿಗಳಲ್ಲಿ ಕಾಟು ಹಾಕಿದ ಪಾಸ್‌ವರ್ಡುಗಳ ಸಾಲು ಇನ್ನಷ್ಟು ಉದ್ದವಾಯಿತು. ಆ ಡೈರಿಯ ಬದಲಿಗೆ ನಮ್ಮ ಮನೆಯಲ್ಲಿ ಈಗ, ಪಾಸ್‌ವರ್ಡುಗಳನ್ನು ಉಳಿಸಿಟ್ಟು ಬೇಕಾದಾಗ ತುಂಬಿಕೊಡುವ ಬಿಟ್‌ವಾರ್ಡನ್ ಬಳಕೆಯಲ್ಲಿದೆ.

2016ರಲ್ಲಿ ಆರಂಭವಾದ ಈ ಸೇವೆಯ ಮೂಲ ಸಂಕೇತ (ಸೋರ್ಸ್ ಕೋಡ್) ಯಾರು ಬೇಕಾದರೂ ಪರಿಶೀಲಿಸಬಹುದಾದಂತೆ ಮುಕ್ತವಾಗಿದೆ. ಉಚಿತ ಖಾತೆಯಲ್ಲಿಯೇ ಎಷ್ಟು ಪಾಸ್‌ವರ್ಡುಗಳನ್ನಾದರೂ ಇಡಬಹುದು, ಎಷ್ಟು ಸಾಧನಗಳಲ್ಲಾದರೂ ತೆರೆಯಬಹುದು. ಇಬ್ಬರು ಸೇರಿ ಕೆಲವನ್ನು ಹಂಚಿಕೊಳ್ಳುವ ಅನುಕೂಲವೂ ಇರುವುದರಿಂದ ಮೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್‌ನಂಥ ಖಾತೆಗಳು ಗಂಡ ಹೆಂಡತಿ ಇಬ್ಬರ ಕೈಗೂ ಸಿಗುತ್ತವೆ. ಒಂದೇ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಮಾತ್ರ ಬಳಸುವವರಿಗೆ ಪಾಸ್‌ವರ್ಡ್ ಉಳಿಸಿಡುವ ಗೂಗಲ್‌ನ ಸೌಲಭ್ಯವೇ ಸಾಕು ಎಂಬುದನ್ನೂ ಹೇಳಬೇಕು.

ಇದರ ನಿಜವಾದ ಗುಣ ಕಾಣುವುದು ಜಾಲತಾಣದ ವಿಳಾಸವನ್ನು ಅದು ನೋಡುವ ರೀತಿಯಲ್ಲಿ. ಉಳಿಸಿಟ್ಟ ವಿಳಾಸಕ್ಕೆ ಹೊಂದದ ಪುಟದಲ್ಲಿ ಅದು ಪಾಸ್‌ವರ್ಡನ್ನು ತಾನಾಗಿ ಮುಂದಿಡುವುದಿಲ್ಲ; ಬ್ಯಾಂಕಿನ ಹೆಸರಿನಲ್ಲಿ ಬರುವ ನಕಲಿ ಕೊಂಡಿಯನ್ನು ಒತ್ತಿದ ಹಿರಿಯರಿಗೆ ಆ ಮೌನವೇ ಎಚ್ಚರಿಕೆ. ಆದರೆ ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರಲ್ಲಿ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೊರಳಿದ್ದರಿಂದ, ಹಳೆಯ ವಿಳಾಸದೊಂದಿಗೆ ಉಳಿಸಿದ ಪಾಸ್‌ವರ್ಡು ಅಸಲಿ ಪುಟದಲ್ಲಿಯೂ ಕಾಣಿಸದೆ ಹೋಗಬಹುದು. ಹೊಸ ವಿಳಾಸವನ್ನು ಶಾಖೆಯಲ್ಲಿ ಕೇಳಿ ಖಚಿತಪಡಿಸಿಕೊಂಡು ಅದೇ ನಮೂದಿಗೆ ಸೇರಿಸಿದರೆ ಆಯಿತು. ಗಡಿಬಿಡಿಯಲ್ಲಿ ಕಂಡ ಪುಟಕ್ಕೆಲ್ಲ ಕೈಯಾರೆ ಪಾಸ್‌ವರ್ಡ್ ತುಂಬುವವರಿಗೆ ಮಾತ್ರ ಈ ಸೇವೆಯಿಂದ ಏನೂ ರಕ್ಷಣೆಯಿಲ್ಲ.

ಕೆಲವು ನೆಟ್‌ಬ್ಯಾಂಕಿಂಗ್ ಪುಟಗಳು ಪೇಸ್ಟ್ ಮಾಡುವುದನ್ನೇ ತಡೆದು, ಪರದೆಯ ಮೇಲಿನ ಕೀಲಿಮಣೆಯನ್ನು ಕುಟ್ಟಿಸುತ್ತವೆ. ಸುರಕ್ಷತೆಯ ಹೆಸರಿನ ಈ ಹಟ ನನಗಂತೂ ಅರ್ಥವಾಗದು, ಏಕೆಂದರೆ ಉದ್ದನೆಯ ಪಾಸ್‌ವರ್ಡ್ ಇಟ್ಟವನಿಗೇ ಅದು ಶಿಕ್ಷೆ. ಒಟಿಪಿಯ ಅವಲಂಬನೆಯನ್ನೂ ಬಿಟ್‌ವಾರ್ಡನ್ ತಪ್ಪಿಸಲಾರದು; ಒಟಿಪಿ ಊರಿನ ಸಿಮ್ಮಿಗೇ ಬರುವುದಾದರೆ ದುಬೈಯಲ್ಲಿರುವ ಮಗ ಅದನ್ನು ಚಾಲ್ತಿಯಲ್ಲಿ ಇಡಲೇಬೇಕು. ಪಾಸ್‌ವರ್ಡಿನ ಬದಲಿಗೆ ಬಳಸುವ ಡಿಜಿಟಲ್ ಕೀಲಿಗಳಾದ ಪಾಸ್‌ಕೀಗಳನ್ನೂ ಇದರಲ್ಲಿ ಇಡಬಹುದು. ಗೂಗಲ್ ಖಾತೆಗೆ ಅದು ಬೆರಳಚ್ಚಿನಷ್ಟೇ ಸುಲಭ.

ಎಲ್ಲವನ್ನೂ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿ ಅದನ್ನು ತಿಳಿಸಲಾರದು, ಏಕೆಂದರೆ ಮಾಹಿತಿಯು ನಮ್ಮ ಸಾಧನದಲ್ಲಿಯೇ ಗೂಢಲಿಪಿಗೆ ತಿರುಗಿ ಹೋಗುತ್ತದೆ. ಆದ್ದರಿಂದ ಅದೊಂದನ್ನು ಕಾಗದದಲ್ಲಿ ಬರೆದು ಆಸ್ತಿಪತ್ರಗಳ ಜೊತೆ ಕಪಾಟಿನಲ್ಲಿಡುವುದೇ ಲೇಸು. ನಾವು ನೇಮಿಸಿದವರು ಕೋರಿಕೆ ಸಲ್ಲಿಸಿ, ನಿಗದಿಯಾದ ಅವಧಿಯೊಳಗೆ ನಾವು ನಿರಾಕರಿಸದಿದ್ದರೆ ಅವರಿಗೆ ಖಾತೆ ತೆರೆಯುವ ತುರ್ತು ಪ್ರವೇಶದ ವ್ಯವಸ್ಥೆಯೂ ಇದೆ; ಅದು ಹಣ ಕೊಟ್ಟವರಿಗೆ ಮಾತ್ರ. ಮಕ್ಕಳು ಪರವೂರಿನಲ್ಲಿರುವ ವೃದ್ಧ ದಂಪತಿ ಹಣ ಕೊಡುವುದಿದ್ದರೆ ಈ ಒಂದು ಸೌಲಭ್ಯಕ್ಕಾಗಿಯೇ ಕೊಡಬಹುದು.