ಬೈನರಿ ಮತ್ತು ಭಾಗಾಕಾರ: ಮೂರು ಸರಣಿ ಬರೆದು ನೋಡಿದೆ, ಮೂರರಲ್ಲೂ 21 ಸಿಕ್ಕಿತು

ಬೈನರಿ ಅಂಕಿಗಳನ್ನೂ (0, 1 ಮಾತ್ರ ಬಳಸಿ ಸಂಖ್ಯೆ ಬರೆಯುವ ಎರಡರ ಪದ್ಧತಿ) ಭಾಗಾಕಾರವನ್ನೂ ಜೋಡಿಸುವ ಮೂರು ಸರಣಿಗಳನ್ನು ಪೆನ್ಸಿಲ್ ಹಿಡಿದು ಬರೆದು ನೋಡಿದೆ. ಪ್ರೋಗ್ರಾಂ ಬರೆದರೆ ಕ್ಷಣದ ಕೆಲಸ, ನಿಜ. ಆದರೆ ಕೈಯಲ್ಲಿ ಬರೆದಾಗಲೇ ಯಾವುದು ಯಾಕೆ ಬರುತ್ತಿದೆ ಅಂತ ಗೊತ್ತಾಗುವುದು.

ಮೊದಲನೆಯದು ತುಂಬಾ ಸುಲಭ. ಬೈನರಿಯಲ್ಲಿ ಎಷ್ಟು 1 ಇವೆಯೋ ಅಷ್ಟರಿಂದ ಶೇಷ ಉಳಿಯದೆ ಭಾಗವಾಗುವ ಸಂಖ್ಯೆಗಳು, ಅಂದರೆ ಗಣಿತಜ್ಞ ಕಾಪ್ರೇಕರ್ ಅವರ ಹರ್ಷದ್ ಸಂಖ್ಯೆಗಳ (ತಮ್ಮ ಅಂಕಿಗಳ ಮೊತ್ತದಿಂದಲೇ ಭಾಗವಾಗುವವು) ಬೈನರಿ ರೂಪ. 1, 2, 4, 6, 8, 10, 12, 16, 18, 20, 21, 24... ಹೀಗೆ 100ರೊಳಗೆ 30 ಸಿಗುತ್ತವೆ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಆದರೆ ಬಹುಪಾಲು ಸಮಸಂಖ್ಯೆಗಳೇ, ಸ್ವಲ್ಪ ಹೊತ್ತಿಗೆ ಬೇಜಾರಾಗುತ್ತದೆ. 1 ಬಿಟ್ಟರೆ ಮೊದಲ ಬೆಸಸಂಖ್ಯೆ 21.

ಎರಡನೆಯದರಲ್ಲಿ ಬೈನರಿಯನ್ನು ಮಾಮೂಲಿ ಸಂಖ್ಯೆಯ ಹಾಗೆ ಓದಿ ಭಾಗಿಸಬೇಕು. 8ರ ಬೈನರಿ 1000, ಅದನ್ನು ಸಾವಿರ ಅಂತ ಓದಿದರೆ 8×125. 1, 2, 4, 8, 10, 16, 20, 21... ಇಲ್ಲೂ 1ರ ನಂತರದ ಮೊದಲ ಬೆಸ 21! 10101 ಅಂದರೆ 21×481 ಅಂತ ಬಂದಾಗ ಖುಷಿಯಾಯ್ತು. ಆದರೂ ಈ ಸರಣಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ನಾವು ಹತ್ತರಲ್ಲಿ ಎಣಿಸುವುದು ಬರೀ ರೂಢಿ, ಅದನ್ನು ಎರಡರ ಪದ್ಧತಿಗೆ ಬೆರೆಸಿದರೆ ಸಿಗುವುದರಲ್ಲಿ ಕಾರಣ ಕಮ್ಮಿ, ಕಾಕತಾಳೀಯ ಜಾಸ್ತಿ.

ಮೂರನೆಯದೇ ನನ್ನ ಆಯ್ಕೆ. ಸುಮ್ನೆ 3ರ ಮಗ್ಗಿ ಬರೆಯುತ್ತಾ ಹೋಗಿ, ಪ್ರತಿಯೊಂದರ ಬೈನರಿಯಲ್ಲಿ ಎಷ್ಟು 1 ಇವೆ ಅಂತ ಎಣಿಸಿ. 3, 6, 9, 12, 15, 18 ಎಲ್ಲದರಲ್ಲೂ ಸಮ. ಬೆಸ ಬರುವುದು ಮೊದಲ ಸಲ 21ರಲ್ಲಿ. ಯಾಕೆ? ಬೈನರಿಯಲ್ಲಿ ಬಲದಿಂದ ಒಂದೊಂದು ಜಾಗದ ಬೆಲೆ 1, 2, 4, 8, 16; ಇವನ್ನು 3ರಿಂದ ಭಾಗಿಸಿದರೆ ಶೇಷ 1, 2, 1, 2, 1. ಶೇಷ 2 ಅಂದರೆ 3ಕ್ಕೆ ಒಂದು ಕಮ್ಮಿ, ಅಲ್ವಾ? ಹಾಗಾಗಿ ಬಲದಿಂದ ಎಣಿಸಿದಾಗ ಬೆಸ ಜಾಗದ 1ಗಳಿಗೂ ಸಮ ಜಾಗದ 1ಗಳಿಗೂ ಇರುವ ವ್ಯತ್ಯಾಸ 3ರಿಂದ ಭಾಗವಾಗಬೇಕು. ವ್ಯತ್ಯಾಸ ಸೊನ್ನೆಯಾದರೆ 1ಗಳು ಜೋಡಿಜೋಡಿಯಾಗಿ ಕೂರುತ್ತವೆ, ಒಟ್ಟು ಸಮ. ಒಟ್ಟು ಬೆಸ ಆಗಬೇಕಾದರೆ ವ್ಯತ್ಯಾಸ ಕನಿಷ್ಠ 3 ಇರಲೇಬೇಕು, ಅದನ್ನು ಕೊಡುವ ಅತಿ ಚಿಕ್ಕ ಸಂಖ್ಯೆ 10101. ಅದೇ 21.

100ರೊಳಗೆ 3ರ ಮಗ್ಗಿಯಲ್ಲಿ ಬರುವ 33 ಸಂಖ್ಯೆಗಳಲ್ಲಿ ಬೆಸ ಬಂದದ್ದು 7 ಮಾತ್ರ: 21, 42, 69, 81, 84, 87, 93. ಎಷ್ಟು ದೂರ ಎಣಿಸಿದರೂ ಸಮ ಬಂದವೇ ಮುಂದಿರುತ್ತವೆ ಅಂತ ಗಣಿತಜ್ಞ ಲಿಯೋ ಮೋಸರ್ ಊಹಿಸಿದ್ದರು, ಇನ್ನೊಬ್ಬ ಗಣಿತಜ್ಞ ನ್ಯೂಮನ್ 1969ರಲ್ಲಿ ಸಾಧಿಸಿ ತೋರಿಸಿದರು. ಮಗ್ಗಿ ಬರೆಯುತ್ತಾ ಇಲ್ಲಿಯವರೆಗೆ ಬರಬಹುದು ಅನ್ನುವುದೇ ನನಗೆ ದೊಡ್ಡ ವಿಷಯ.

ಈಗ 7ರ ಮಗ್ಗಿ ಹಿಡಿದಿದ್ದೇನೆ. 7ರಿಂದ 56ರ ತನಕ ಎಂಟರಲ್ಲೂ ಸರಿಯಾಗಿ ಮೂರು 1, 63ಕ್ಕೆ ಬಂದರೆ ಒಮ್ಮೆಲೇ ಆರು.