ಹಳೇ ಮಾರುತಿ 800ಕ್ಕೆ ಏರು ಹತ್ತುವ ದಮ್ಮು ವಾಪಸ್ ಕೊಟ್ಟ ವರ್ಕ್‌ಶಾಪ್

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಎಡಗಡೆ ಶೀಟ್ ಹಾಕಿದ ಒಂದು ವರ್ಕ್‌ಶಾಪ್ ಇದೆ. ಬೋರ್ಡ್ ಇಲ್ಲ. ಹೊರಗೆ ಯಾವಾಗ ನೋಡಿದರೂ ಹಳೇ ಓಮ್ನಿ, ಜೀಪು ನಿಂತಿರುತ್ತವೆ. ನಡೆಸುವವರನ್ನು ಎಲ್ಲರೂ ಇಚ್ಚ ಎಂದೇ ಕರೆಯುತ್ತಾರೆ. ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಸಣ್ಣ ಕಾರು ಇಟ್ಟುಕೊಂಡವರು, 'ಪಿಕಪ್ ಇಲ್ಲ' ಎಂದು ಹೊಸ ಸಾಮಾನಿಗೆ ದುಡ್ಡು ಸುರಿಯುವ ಮೊದಲು ಒಮ್ಮೆ ಇಲ್ಲಿಗೆ ಹೋಗಬೇಕು.

ನನ್ನದು 1998ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಹೊಸದಿದ್ದಾಗಲೇ ಇದರ ಶಕ್ತಿ 37 ಬಿಎಚ್‌ಪಿ (ಹಾರ್ಸ್ ಪವರ್) ಅಷ್ಟೇ. ಗಾಡಿಯ ತೂಕ ಸುಮಾರು 650 ಕೆಜಿ ಆದ್ದರಿಂದ ಅಷ್ಟು ಸಾಕಾಗುತ್ತದೆ. ಆದರೆ ಐದು ಜನ ಕೂತರೆ ಇಂಜಿನ್ ಎಳೆಯಬೇಕಾದ ಭಾರ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಗುತ್ತದೆ. ಅಂಥಾ ಇಂಜಿನ್‌ನಲ್ಲಿ ನಾಲ್ಕೈದು ಬಿಎಚ್‌ಪಿ ಕಮ್ಮಿಯಾದರೂ ತಕ್ಷಣ ಗೊತ್ತಾಗುತ್ತದೆ. ಪೆರ್ಲದಿಂದ ಸ್ವರ್ಗ ಎಂಬ ಊರಿಗೆ ಹೋಗುವ ದಾರಿಯ ಏರಿನಲ್ಲಿ ಮನೆಯವರೆಲ್ಲ ಕೂತಿದ್ದರೆ ಸೆಕೆಂಡ್ ಗೇರ್ ಎಳೆಯುತ್ತಲೇ ಇರಲಿಲ್ಲ. ಫಸ್ಟ್‌ಗೆ ಹಾಕಿ, ಹಿಂದಿನ ಬಸ್ಸಿನ ಹಾರ್ನ್ ಕೇಳುತ್ತಾ ಹತ್ತಬೇಕಿತ್ತು.

ಪೇಟೆಯ ಒಂದು ವರ್ಕ್‌ಶಾಪ್‌ನಲ್ಲಿ ಬಾನೆಟ್ ಎತ್ತಿದ ಕೂಡಲೇ 'ಇಂಜಿನ್ ಕೆಲಸ ಉಂಟು, ಬೋರ್ ಮಾಡಿಸಬೇಕು' ಎಂದರು. ಒಂದು ಸ್ಪಾರ್ಕ್ ಪ್ಲಗ್ ಕೂಡ ಬಿಚ್ಚಿ ನೋಡಿರಲಿಲ್ಲ. ಹಾಗೆ ಹೇಳಬಾರದು. ಬೋರಿಂಗ್ ಅಂದರೆ ಇಂಜಿನ್ ಪೂರ್ತಿ ಇಳಿಸಿ, ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಸರಿ ಮಾಡುವ ಕೆಲಸ. ನನ್ನ ತಂಗಿಯ ಮಗನದ್ದು ಇನ್ನೊಂದು ಸಲಹೆ: ಗಾಳಿ ಜಾಸ್ತಿ ಎಳೆಯುವ ಕೋನ್ ಫಿಲ್ಟರ್, ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಆಗದಿದ್ದರೆ ಹಳೇ ಝೆನ್‌ನ 993 ಸಿಸಿ ಇಂಜಿನ್ ಕೂರಿಸಿ.

ಇಚ್ಚ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಟೀಚರೇ, ಹೊಸ ಪವರ್ ಆಮೇಲೆ. ಕಂಪೆನಿಯವರು ಕೊಟ್ಟದ್ದು ಎಲ್ಲಿ ಹೋಯ್ತು ಅಂತ ಮೊದಲು ನೋಡುವ."

ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಒಂದೊಂದೇ ತೂತಿಗೆ ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ, ನನಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲು ಹೇಳಿದರು. ಎರಡು ಸಿಲಿಂಡರ್ ಸರಿಸಮ, ನಡುವಿನದು ಕಮ್ಮಿ. ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚುತ್ತದೆ, ಗೇಜಿನ ಮುಳ್ಳು ಮೇಲೇರುತ್ತದೆ. ಏರಲಿಲ್ಲ. ಅಂದರೆ ರಿಂಗಿನದ್ದು ತಪ್ಪಲ್ಲ, ಸಿಲಿಂಡರಿನ ಬಾಗಿಲಿನಂತೆ ತೆರೆದು ಮುಚ್ಚುವ ವಾಲ್ವ್ ಕಡೆ ನೋಡಬೇಕು. ವಾಲ್ವ್ ಒತ್ತುವ ಟ್ಯಾಪೆಟ್‌ಗಳ ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ, ನಡುವಿನ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವಿನಲ್ಲಿ ಸಂದೇ ಇಲ್ಲ! ಆ ಸಂದು ಇಲ್ಲದಿದ್ದರೆ ಇಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಶನ್ ಅಲ್ಲೇ ಸೋರುತ್ತದೆ, ಹಾಗೇ ಓಡಿಸಿದರೆ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಲಾಕ್ ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪವೇ ತಿರುಗಿಸಿ ಸೆಟ್ ಮಾಡಿದರು. ಮತ್ತೆ ಗೇಜ್ ಹಾಕಿದಾಗ ಮೂರೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ. ಬೋರಿಂಗ್ ಎಂದಿದ್ದ ಕೆಲಸ ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರಿನಲ್ಲಿ ಮುಗಿಯಿತು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದರ ನಂತರದ್ದು. "ಪೂರ್ತಿ ಒತ್ತಿ" ಎಂದರು. ಒತ್ತಿದೆ. "ಇನ್ನೂ." ಪೆಡಲ್ ನೆಲಕ್ಕೇ ತಾಗಿತ್ತು. ಪೆಡಲ್ ಒತ್ತಿ ಹಿಡಿಯಲು ಕೆಲಸದ ಹುಡುಗನನ್ನು ಕೂರಿಸಿ, ನನ್ನನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಪೆಡಲ್ ಒತ್ತಿದಾಗ ಕೇಬಲ್ ಎಳೆಯುವ, ಕಾರ್ಬೊರೇಟರ್ ಪಕ್ಕದ ಥ್ರಾಟಲ್ ಲಿವರ್ ಕೊನೆಯ ಸ್ಟಾಪಿಗೆ ತಾಗುತ್ತಲೇ ಇಲ್ಲ. ಇನ್ನೂ ಒಂದು ಬೆರಳು ದಪ್ಪದಷ್ಟು ಜಾಗ ಬಾಕಿ. ಕೇಬಲ್ ಎಳೆದು ಎಳೆದು ಉದ್ದವಾಗಿದೆ. ಇಷ್ಟು ಕಾಲ ಎಷ್ಟು ಒತ್ತಿದರೂ ಇಂಜಿನ್‌ಗೆ ಪೂರ್ತಿ ಗಾಳಿ ಪೆಟ್ರೋಲ್ ಹೋಗುತ್ತಲೇ ಇರಲಿಲ್ಲ ಅಲ್ವಾ! ಕೇಬಲ್ ಟೈಟ್ ಮಾಡಲು ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಬಿರಿದಿತ್ತು, ಬದಲಾಯಿಸಿದರು. ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ (ಪ್ಲಗ್ ಕಿಡಿ ಹಾರಿಸುವ ಸಮಯ) ಸೆಟ್ ಮಾಡಿದರು, ಕಿವಿಯಲ್ಲಿ ಕೇಳಿ ಅಂದಾಜಿಗೆ ಅಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್‌ಗಳನ್ನು ಗಾಳಿ ಹೊಡೆದೇ ತೊಳೆದರು. ತಂತಿ ಹಾಕಿ ಚುಚ್ಚಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಿಂದೆ ಯಾರೋ ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು) ತೆಗೆದು ಬಿಸಾಡಿದ್ದರು. ನಮ್ಮ ಕಡೆ ಇದೊಂದು ಕೆಟ್ಟ ಅಭ್ಯಾಸ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಸುಮ್ನೆ ಪೆಟ್ರೋಲ್ ಖರ್ಚು. ಹೊಸದು ತರಿಸಿ ಹಾಕಿದರು. ಗಾಡಿಯನ್ನು ಜಾಕ್ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿದಾಗ ಮುಂದಿನ ಒಂದು ಬ್ರೇಕ್ ಹಿಡಿಯುತ್ತಿದ್ದದ್ದೂ ಗೊತ್ತಾಯಿತು.

ಪೆಟ್ರೋಲ್ ಪೈಪ್‌ಗಳ ಬಗ್ಗೆ ಅವರು ಹೇಳಿದ್ದನ್ನು ಹಳೇ ಗಾಡಿಯವರೆಲ್ಲ ಕೇಳಬೇಕು. ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗದಷ್ಟೇ ಕಸುವು. ಹೊಸ ಗಾಡಿಯ ಕಂಪ್ಯೂಟರ್ ಅದಕ್ಕೆ ಹೊಂದಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಅದು ಗೊತ್ತಾಗುವುದಿಲ್ಲ. ಹಳೇ ರಬ್ಬರ್ ಪೈಪ್ ಕೂಡ ಮೆತ್ತಗಾಗಿ ಬಿರಿಯುತ್ತದೆ. ನನ್ನದನ್ನು ಮುರಿದು ತೋರಿಸಿದರು, ಒಳಗೆಲ್ಲ ಸಣ್ಣ ಸಣ್ಣ ಗೆರೆ. ಪೆಟ್ರೋಲ್ ಸೋರಿ ಬೆಂಕಿ ಹಿಡಿಯುವ ವಿಷಯ ಇದು, ಮುಂದೂಡಬೇಡಿ.

ಕೋನ್ ಫಿಲ್ಟರಿಗೆ ಅವರು ಒಪ್ಪಲಿಲ್ಲ. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ನಮ್ಮ ಮುರಕಲ್ಲಿನ ಕೆಂಪು ಧೂಳೂ ಒಳಗೆ ಹೋಗುತ್ತದೆ ಎಂದರು. ಬೇರೆ ಇಂಜಿನ್ ಕೂರಿಸಿದರೆ ಆರ್‌ಸಿಯಲ್ಲಿ ಸೇರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇಂಥಾ ಬದಲಾವಣೆಗೆ. ಐದು ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಹೋಗುವ ಗಾಡಿಗೆ ಆ ತಲೆಬಿಸಿ ಯಾಕೆ? ದುಡ್ಡು ಮಾಡುವ ಅವಕಾಶವನ್ನು ಬೇಡ ಎಂದವರ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಈಗ ಅದೇ ಏರನ್ನು ಸೆಕೆಂಡಿನಲ್ಲೇ ಹತ್ತುತ್ತದೆ, ಹಿಂದೆ ಅಡಿಕೆ ಮೂಟೆ ಇದ್ದರೂ. ಸಾಮಾನು, ಕೂಲಿ ಎಲ್ಲ ಸೇರಿ ಆರು ಸಾವಿರದೊಳಗೆ ಆಯಿತು. ಬದಲಾಯಿಸಿದ ಹಳೇ ಸಾಮಾನನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು.

ಕೊರತೆಯೂ ಇದೆ. ಫೋನ್ ಎತ್ತುವುದಿಲ್ಲ. ಬಿಲ್ ಅಂದರೆ ಕಾಗದದ ಚೂರಿನಲ್ಲಿ ಬರೆದ ಲೆಕ್ಕ. ಕೂರಲು ಜಾಗ ಇಲ್ಲ. ಸಾಮಾನು ಮಂಗಳೂರಿನಿಂದ ಬರಬೇಕಾದರೆ ಕಾಯಲೇಬೇಕು, ಹೇಳಿದ ದಿನಕ್ಕೆ ಗಾಡಿ ಸಿಗುವ ಭರವಸೆ ಇಲ್ಲ. ನಾಳೆ ಮದುವೆಗೆ ಹೋಗಲಿಕ್ಕಿದೆ ಎನ್ನುವವರು ಇವತ್ತು ಕೊಡಬೇಡಿ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ಟ್ಯಾಪೆಟ್ ನೋಡಬೇಕಾದರೆ ಇಂಜಿನ್ ತಣ್ಣಗಿರಬೇಕು. ಹಾಗಾಗಿ ಹಿಂದಿನ ದಿನ ಸಂಜೆಯೇ ಗಾಡಿ ಬಿಟ್ಟು, ಬಸ್ಸಿನಲ್ಲಿ ಮನೆಗೆ ಹೋಗುವುದು ಒಳ್ಳೆಯದು.