ಕಾಫಿ ತೋಟದಲ್ಲಿ ಎಟಿವಿ ಮತ್ತು ಟ್ರಾಲಿ: ಹತ್ತಿಸುವುದು ಸುಲಭ, ಇಳಿಸುವಾಗ ನೋಡಿ

ಎಟಿವಿ, ಅಂದ್ರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ, ಎಷ್ಟು ಭಾರ ಎಳೆಯುತ್ತದೆ ಅಂತ ಕೇಳುವವರೇ ಜಾಸ್ತಿ. ಎಷ್ಟು ಭಾರವನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತದೆ ಅಂತ ಯಾರೂ ಕೇಳುವುದಿಲ್ಲ. ಮಲೆನಾಡಿನ ತೋಟಕ್ಕೆ ತರುವವರು ಕೇಳಬೇಕಾದ್ದು ಅದನ್ನೇ.

ನಮ್ಮದು ಮೂಡಿಗೆರೆ ಕಡೆಯ ತೋಟ. ಕಾಫಿ, ಅಡಿಕೆ, ಮೆಣಸು ಮೂರೂ ಇದೆ. ಸಮತಟ್ಟು ಅಂದ್ರೆ ಕಣ ಮತ್ತು ಮನೆ ಅಂಗಳ, ಉಳಿದಿದ್ದೆಲ್ಲ ಏರು ಇಲ್ಲಾ ಇಳಿಜಾರು. ಕೆಲವು ವರ್ಷಗಳಿಂದ ಇಲ್ಲಿ 570 ಸಿಸಿಯ ಫೋರ್ ವೀಲ್ ಡ್ರೈವ್ ಎಟಿವಿಗೆ ಟ್ರಾಲಿ ಕಟ್ಟಿ ಸ್ಪ್ರೇ ಪಂಪು, ಡೀಸೆಲ್ ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪು, ಗೊಬ್ಬರ, ಸಿಲ್ವರ್ ಓಕ್ ದಿಮ್ಮಿ ಎಲ್ಲಾ ಸಾಗಿಸುತ್ತಿದ್ದೇವೆ. ಕಂಪನಿ ಹೆಸರು ಬರೆಯುವುದಿಲ್ಲ. ಕೆಳಗೆ ಹೇಳುವ ತೊಂದರೆಗಳು ಈ ಗಾತ್ರದ ಯಾವ ಬೆಲ್ಟ್ ಗಾಡಿಯಲ್ಲಾದರೂ, ಅಂದ್ರೆ ಇಂಜಿನ್ನಿನ ಶಕ್ತಿ ರಬ್ಬರ್ ಬೆಲ್ಟಿನ ಮೂಲಕ ಚಕ್ರಕ್ಕೆ ಹೋಗುವ ಗಾಡಿಯಲ್ಲಿ, ಬರುವಂಥವು.

ಲೆಕ್ಕ ನೋಡಿ. ಗಾಡಿಯ ತೂಕ ಸುಮಾರು 320 ಕೆಜಿ, ನಾನು ಕೂತರೆ 400ರ ಹತ್ತಿರ. ಟ್ರಾಲಿ ಖಾಲಿಯೇ 150 ಕೆಜಿ, ಸ್ಪ್ರೇ ಪಂಪು ಇಂಜಿನ್ ಸೇರಿ 50, ಮೇಲೆ 300 ಲೀಟರ್ ನೀರು ಅಂದ್ರೆ ಇನ್ನೊಂದು 300. ಅಲ್ಲಿಗೆ 500 ಕೆಜಿ ಆಯಿತು, ಎಳೆಯುವ ಗಾಡಿಗಿಂತ ಹಿಂದಿರುವುದೇ ಭಾರ. ಈ ವರ್ಗದ ಗಾಡಿಗಳಿಗೆ ಕಂಪನಿಗಳು 550-600 ಕೆಜಿ ಎಳೆಯುತ್ತದೆ ಅಂತ ಬರೆದಿರುತ್ತಾರಲ್ಲ, ಅದು ಸಮತಟ್ಟು ನೆಲದ ಮಾತು, ಟ್ರಾಲಿಯ ತೂಕವೂ ಅದರಲ್ಲೇ ಸೇರಿದೆ. ಇಳಿಜಾರಿಗೆ ಬೇರೆ, ಕಡಿಮೆ ಅಂಕಿ ಇರುತ್ತದೆ. ಭಾರ ಎಳೆಯುವಾಗ ಸಮತಟ್ಟಿನಲ್ಲೂ ಗಂಟೆಗೆ 16 ಕಿ.ಮೀ. ದಾಟಬೇಡಿ ಅಂತ ನಮ್ಮ ಗಾಡಿಯ ಪುಸ್ತಕದಲ್ಲೇ ಇದೆ. ಆ ಪುಟ ಶೋರೂಮಿನಲ್ಲಿ ಯಾರೂ ತೆಗೆದು ತೋರಿಸುವುದಿಲ್ಲ ಬಿಡಿ.

ಹತ್ತುವ ವಿಷಯದಲ್ಲಿ ನನಗೆ ದೂರಿಲ್ಲ. ಲೋ ಗೇರ್ ಹಾಕಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ಬಿಟ್ಟರೆ ಜೂನ್ ತಿಂಗಳ ಕೆಂಪು ಕೆಸರಿನಲ್ಲೂ ಉಸಿರು ಬಿಡದೆ ಹತ್ತುತ್ತದೆ. ಹೈ ಗೇರಿನಲ್ಲಿ ನಿಧಾನಕ್ಕೆ ಭಾರ ಎಳೆದರೆ ಮಾತ್ರ ಒಳಗೆ ಬೆಲ್ಟ್ ಜಾರಿ ಕಾಯುತ್ತದೆ. ಸುಟ್ಟ ರಬ್ಬರ್ ವಾಸನೆ ಬಂತು ಅಂದ್ರೆ ನಿಲ್ಲಿಸಲೇಬೇಕು. ತೋಟದಲ್ಲಿ ಗಾಡಿ ಓಡಿಸುವ ಹುಡುಗ ಈಗ ನನಗಿಂತ ಮೊದಲೇ ಮೂಗು ಅರಳಿಸಿ "ಸಾರ್, ಬೆಲ್ಟು" ಅನ್ನುತ್ತಾನೆ. ಬೆಲ್ಟಿನ ರಗಳೆಯೇ ಬೇಡ ಅನ್ನುವವರಿಗೆ ಹೋಂಡಾದ ರಾಂಚರ್, ಫೋರ್‌ಮನ್ ಥರದ ಗೇರಿನ ಎಟಿವಿಗಳಿವೆ. ಹೊರದೇಶಗಳಲ್ಲಿ ಹೊಲ, ದನದ ಕೆಲಸದವರು ಅವನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಇಳಿಯುವಾಗ ಕಥೆ ಬೇರೆ. ಇಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಟ್ರಾಲಿಗೆ ಬ್ರೇಕ್ ಇರುವುದಿಲ್ಲ. ಗಾಡಿ ನಿಧಾನ ಮಾಡಿದ ಕೂಡಲೇ ಟ್ರಾಲಿ ಹಿಂದಿನಿಂದ ತಳ್ಳುತ್ತದೆ, ನೆಲ ಒದ್ದೆಯಿದ್ದರೆ ಪಕ್ಕಕ್ಕೆ ಸರಿದು ಗಾಡಿಯ ಸಮೇತ ಮಡಚಿಕೊಳ್ಳಲು ನೋಡುತ್ತದೆ. ಲೋ ಗೇರಿನಲ್ಲೇ ಇಳಿಸಬೇಕು, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಇನ್ನೊಂದು ಗೊತ್ತಿರಲಿ, ಕೆಲವು ಬೆಲ್ಟ್ ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ಇಳಿದರೆ ಕ್ಲಚ್ ಬಿಟ್ಟುಕೊಂಡು ಇಂಜಿನ್ನಿನ ಹಿಡಿತವೇ ಹೋಗುತ್ತದೆ, ಆಮೇಲೆ ಗಾಡಿ ಸುಮ್ನೆ ಉರುಳುತ್ತದೆ. ಕೊಳ್ಳುವ ಮೊದಲು ಖಾಲಿ ಗಾಡಿಯನ್ನು ಒಂದು ಒಳ್ಳೆ ಇಳಿಜಾರಿನಲ್ಲಿ ಇಳಿಸಿ ನೋಡಿ, ಸಮತಟ್ಟು ಮೈದಾನದಲ್ಲಿ ಸುತ್ತು ಹಾಕಿಸಿದರೆ ಇದೆಲ್ಲ ಗೊತ್ತಾಗುವುದಿಲ್ಲ.

ಭಾರ ಜೋಡಿಸುವುದರಲ್ಲಿ ಅರ್ಧ ಕೆಲಸ ಇದೆ. ಟ್ರಾಲಿಯ ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ಹಿಚ್ ಮೇಲೆ, ಅಂದ್ರೆ ಗಾಡಿಗೆ ಟ್ರಾಲಿ ಸಿಕ್ಕಿಸುವ ಕೊಂಡಿಯ ಮೇಲೆ, ಬೀಳಬೇಕು. ಟ್ರಾಲಿಯ ಮೂಗನ್ನು ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಇಟ್ಟರೆ ಗೊತ್ತಾಗುತ್ತದೆ. ಹಿಂಭಾರ ಜಾಸ್ತಿಯಾದರೆ ಟ್ರಾಲಿ ಗಾಡಿಯ ಹಿಂಭಾಗವನ್ನೇ ಮೇಲೆತ್ತುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಇರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನಾವು ದೊಡ್ಡ ಟ್ಯಾಂಕ್ ಇಡುವುದಿಲ್ಲ, 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳನ್ನೇ ಸಾಲಾಗಿ ಇಡುತ್ತೇವೆ. ಒಂದು ಡ್ರಮ್ಮಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅಳತೆಯೂ ಸಲೀಸು. ಹಿಂದಿನ ಡ್ರಮ್ಮು ಮೊದಲು ಖಾಲಿ ಮಾಡಬೇಕು, ಆಗ ಉಳಿದ ಭಾರ ಮುಂದೆಯೇ ಇರುತ್ತದೆ. ಒಂದೇ ದೊಡ್ಡ ಟ್ಯಾಂಕ್ ಅರ್ಧ ಖಾಲಿಯಾದಾಗ ತಿರುವಿನಲ್ಲಿ ನೀರೆಲ್ಲ ಒಂದು ಬದಿಗೆ ನುಗ್ಗುವುದು ಇದೆಯಲ್ಲ, ಕುಡಿದವನನ್ನು ಹಿಂದೆ ಕೂರಿಸಿಕೊಂಡು ಬೈಕ್ ಓಡಿಸಿದ ಹಾಗೆ. ಮೈಲುತುತ್ತದ ನೀರು ಸೋರಿದ ಕಡೆ ಟ್ರಾಲಿಯ ಬೋಲ್ಟು, ತಗಡು ಬೇಗ ತುಕ್ಕು ತಿನ್ನುತ್ತದೆ, ಸಂಜೆ ತೊಳೆದೇ ನಿಲ್ಲಿಸಿ.

ದಿಮ್ಮಿ ಎಳೆಯುವವರಿಗೆ ಒಂದು ಮಾತು. ಹಿಂದಿನ ರ‍್ಯಾಕಿಗೆ ಹಗ್ಗ ಕಟ್ಟಬೇಡಿ. ದಿಮ್ಮಿ ಬೇರಿಗೆ ಸಿಕ್ಕಿಕೊಂಡರೆ ಗಾಡಿ ಮುಂದೆದ್ದು ಹಿಂದಕ್ಕೆ ಮಗುಚುತ್ತದೆ. ಕೆಳಗಿರುವ ಹಿಚ್ಚಿಗೇ ಚೈನ್ ಹಾಕಿ, ದಿಮ್ಮಿಯ ಮುಂದಿನ ತುದಿ ಸ್ವಲ್ಪ ಎತ್ತಿರಲಿ. ಇಳಿಜಾರಿನಲ್ಲಿ ಕೆಳಮುಖವಾಗಿ ಎಳೆಯುವುದಂತೂ ಬೇಡ, ದಿಮ್ಮಿ ಜಾರಿ ನಿಮ್ಮ ಮೇಲೇ ಬರುತ್ತದೆ. ಗಾಡಿಯಲ್ಲಿ ವಿಂಚ್ (ಬ್ಯಾಟರಿಯಿಂದ ಹಗ್ಗ ಸುತ್ತಿ ಎಳೆಯುವ ಯಂತ್ರ) ಇದ್ದರೆ ಬೇರೊಂದು ಮರಕ್ಕೆ ಪುಲ್ಲಿ ಕಟ್ಟಿ ಎಳೆದುಕೊಳ್ಳುವುದು ವಾಸಿ, ಇಂಜಿನ್ ಓಡುತ್ತಲೇ ಇರಲಿ, ಇಲ್ಲದಿದ್ದರೆ ಬ್ಯಾಟರಿ ಖಾಲಿ.

ಅಗಲ ಸುಮಾರು ನಾಲ್ಕು ಅಡಿ ಆಗಿದ್ದರಿಂದ ಜೀಪು ಹೋಗದ ಕಾಫಿ ದಾರಿಯಲ್ಲೂ ನುಗ್ಗುತ್ತದೆ. ಅಡಿಕೆಯಲ್ಲಿ ಬಸಿಗಾಲುವೆ ದಾಟಲು ದಪ್ಪ ಹಲಗೆ ಬೇಕು. ಟೈರಿನಲ್ಲಿ ಗಾಳಿ ಕಡಿಮೆ, 5-7 ಪಿಎಸ್‌ಐ ಅಷ್ಟೇ, ಹಾಗಾಗಿ ನೆಲ ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಆದರೆ ಕತ್ತರಿಸಿದ ಕಾಫಿ ಬುಡದ ಮೊನೆ ಚುಚ್ಚಿ ಪಂಕ್ಚರ್ ಆಗುತ್ತಲೇ ಇರುತ್ತದೆ. ರೇಡಿಯೇಟರಿಗೆ ಮೆತ್ತಿದ ಕೆಸರು ತೊಳೆಯದಿದ್ದರೆ ಇಂಜಿನ್ ಕಾದು ದೀಪ ಹತ್ತುತ್ತದೆ. ಆಕ್ಸಲಿನ ರಬ್ಬರ್ ಬೂಟ್ ಹರಿದಿದೆಯಾ ಅಂತ ಆಗಾಗ ಬಗ್ಗಿ ನೋಡಿ. ಬಿಡಿಭಾಗ ತರಿಸುವುದು ತಲೆನೋವು. ಕಟ್ಟ ಕಡೆಗೆ ಕಾಫಿ ಹೂವಿಗೆ ನೀರು ಹಾಯಿಸುವ ಸಮಯದಲ್ಲೇ, ಫೆಬ್ರವರಿ-ಮಾರ್ಚಲ್ಲೇ, ಏನಾದರೂ ಕೈಕೊಡುತ್ತದೆ. ಒಂದು ಬೆಲ್ಟ್, ಒಂದು ಏರ್ ಫಿಲ್ಟರ್ ಮನೆಯಲ್ಲಿ ಇಟ್ಟುಕೊಳ್ಳಿ.

ದುಡ್ಡಿನ ಮಾತು. ದಿನವಿಡೀ ಭಾರವೇ ಹೊರುವ ಕೆಲಸ ಆದರೆ ಪವರ್ ಟಿಲ್ಲರ್ ಟ್ರಾಲಿಯೇ ಸರಿ, ಅಗ್ಗ, ಸಬ್ಸಿಡಿ ಸಿಗುತ್ತದೆ, ಊರಿನ ಮೆಕ್ಯಾನಿಕ್ ರಿಪೇರಿ ಮಾಡುತ್ತಾನೆ. ಎಟಿವಿ ಲಾಭ ಕೊಡುವುದು ಬೆಳಿಗ್ಗೆ ಪಂಪು ಒಯ್ದು, ಆಮೇಲೆ ಟ್ರಾಲಿ ಕಳಚಿ ಇಡೀ ತೋಟ ಸುತ್ತುವ ನಮ್ಮಂಥವರಿಗೆ. ಸಾಮಾನ್ಯ ಎಟಿವಿಯನ್ನು ರಸ್ತೆಗೆ ಇಳಿಸುವಂತಿಲ್ಲ ಅನ್ನುವುದೂ ನೆನಪಿರಲಿ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಅನ್ನು ಟ್ರ್ಯಾಕ್ಟರ್ ಆಗಿ ನೋಂದಣಿ ಮಾಡಿಸುವ ರೂಪದಲ್ಲೂ ಇಲ್ಲಿ ಮಾರಿದ್ದಾರೆ. ನಮ್ಮ ತೋಟವನ್ನು ಡಾಂಬರು ರಸ್ತೆ ಎರಡು ಮಾಡಿದೆ, ಆಚೆ ಬದಿಗೆ ಇವತ್ತಿಗೂ ಜೀಪೇ.

ಕಡಿದಾದ ಕೆಳಗಿನ ಅಡಿಕೆ ತುಂಡಿಗೆ ಮಳೆ ಹಿಡಿದ ಮೇಲೆ ನಾವು ಟ್ರಾಲಿ ಇಳಿಸುವುದೇ ಇಲ್ಲ. ಪಂಪು, ಡ್ರಮ್ಮು ಮೇಲಿನ ದಾರಿಯಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಉದ್ದನೆ ಪೈಪು ಮಾತ್ರ ಕೆಳಗೆ ಬಿಡುತ್ತೇವೆ.